ಮಡಿಕೆ ಮೂಡದ ಕಿವಿ

1881ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವರ್ಡ್ ಎಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಹುಡುಗನಿಗೆ ಕಿವುಡಿರಲಿಲ್ಲ. ಕಿವಿಗಳು ಹೊರಕ್ಕೆ ಚಾಚಿಕೊಂಡಿದ್ದವು, ಜೊತೆಗಾರರು ಆಡಿಕೊಳ್ಳುತ್ತಿದ್ದರು, ಅಷ್ಟೇ. ಚಾಚಿದ ಕಿವಿಯನ್ನು ಅಂದಕ್ಕಾಗಿಯೇ ತಿದ್ದಿದ ಮೊದಲ ದಾಖಲೆಯೆಂದು ವೈದ್ಯಲೋಕ ಇದನ್ನೇ ನೆನೆಯುತ್ತದೆ.

ಎಲಿ ಕಿವಿಯ ಹಿಂದಿನ ಚರ್ಮವನ್ನೂ ಮೃದ್ವಸ್ಥಿಯನ್ನೂ ಒಂದಿಷ್ಟು ಕತ್ತರಿಸಿ ತೆಗೆದಿದ್ದರು. ನಿಜವಾದ ಕಾರಣ ಹಿಡಿದವರು 1910ರಲ್ಲಿ ವಿಲಿಯಂ ಲಕೆಟ್. ನಿಮ್ಮ ಕಿವಿಯ ಹೊರ ಅಂಚಿನಿಂದ ಸ್ವಲ್ಪ ಒಳಗೆ ಬೆರಳಾಡಿಸಿ, ಇನ್ನೊಂದು ಏಣು ಸಿಗುತ್ತದೆ. ಆ ಮಡಿಕೆ ಸರಿಯಾಗಿ ಮೂಡದಿದ್ದರೆ ಕಿವಿ ತಲೆಗೆ ಒರಗದೆ ಬಿಚ್ಚಿಕೊಂಡೇ ಉಳಿಯುತ್ತದೆ. ಕಿವಿಯ ನಡುವಿನ ಬಟ್ಟಲು ತೀರ ಆಳವಾಗಿದ್ದರೂ ಹೀಗಾಗುವುದುಂಟು. 1963ರಲ್ಲಿ ಸ್ಕಾಟ್ಲೆಂಡಿನ ಜ್ಯಾಕ್ ಮಸ್ಟಾರ್ಡೆ, ಕಿವಿಯ ಹಿಂಬದಿಯಿಂದ ಕರಗದ ದಾರದಲ್ಲಿ ಹೊಲಿಗೆ ಹಾಕಿ ಮೃದ್ವಸ್ಥಿಯನ್ನು ಬಾಗಿಸುವ ವಿಧಾನ ಪ್ರಕಟಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಗಾಯದ ಗೆರೆ ಕಿವಿಯ ಹಿಂದೆ ಮರೆಯಾಗುತ್ತದೆ.

ಐದಾರು ವರ್ಷಕ್ಕೆ ಕಿವಿ ಹೆಚ್ಚುಕಡಿಮೆ ದೊಡ್ಡವರಷ್ಟೇ ಬೆಳೆದಿರುತ್ತದೆ. ಹಾಗಾಗಿ ಅದಕ್ಕೂ ಮೊದಲು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಆದರೆ ಮಾಡಿಸಲೇಬೇಕೆಂದೇನೂ ಇಲ್ಲ. ನಮ್ಮಲ್ಲಿ ದೊಡ್ಡ ಕಿವಿ ದೀರ್ಘಾಯುಸ್ಸಿನ ಲಕ್ಷಣ ಎನ್ನುವ ಅಜ್ಜಿಯರಿದ್ದಾರೆ, ‘ಮೊರದ ಕಿವಿ’ ಎಂದು ಕಿಚಾಯಿಸುವ ಸಹಪಾಠಿಗಳೂ ಇದ್ದಾರೆ. ಮಗುವಿಗೇ ಅದು ನೋವಾಗಿದ್ದರೆ ಮಾತು ಬೇರೆ. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಎಂಬ ಹೆತ್ತವರ ಆಸೆಗೆ ಮಗುವನ್ನು ಆಪರೇಷನ್ ಮೇಜಿಗೆ ಏರಿಸುವುದು ತಪ್ಪು.

ಹೆಚ್ಚಿನವರಿಗೆ ತಿಳಿಯದ ದಾರಿಯೊಂದಿದೆ. ತಾಯಿಯಿಂದ ಬಂದ ಹಾರ್ಮೋನಿನ ಪ್ರಭಾವದಿಂದ ಹಸುಗೂಸಿನ ಕಿವಿ ಮೊದಲ ಕೆಲವು ವಾರ ತೀರ ಮೆತ್ತಗಿರುತ್ತದೆ. ಆಗ ವೈದ್ಯರು ಪುಟ್ಟ ಆಧಾರಪಟ್ಟಿ, ಟೇಪುಗಳಿಂದ ಅದನ್ನು ಹಿಡಿದಿಟ್ಟರೆ ಚಾಕು ತಾಗದೆಯೇ ಆಕಾರ ಬರಬಹುದು. ತಿಂಗಳುಗಳು ಕಳೆದು ಮೃದ್ವಸ್ಥಿ ಗಟ್ಟಿಯಾದ ಮೇಲೆ ಈ ಉಪಾಯ ನಡೆಯದು. ದೊಡ್ಡ ಮಕ್ಕಳ ತಲೆಗೆ ರಾತ್ರಿ ಬಟ್ಟೆ ಬಿಗಿದು ಮಲಗಿಸಿದರೂ ಪ್ರಯೋಜನವಿಲ್ಲ.

ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ದಿನ ಬ್ಯಾಂಡೇಜು, ಆಮೇಲೆ ಕೆಲವು ವಾರ ರಾತ್ರಿ ತಲೆಪಟ್ಟಿ. ರಕ್ತ ಹೆಪ್ಪುಗಟ್ಟುವುದು, ಸೋಂಕು, ಎರಡೂ ಕಿವಿ ಒಂದೇ ಸಮ ಬಾರದಿರುವುದು, ಹೊಲಿಗೆ ಸಡಿಲಾಗಿ ಕಿವಿ ಮತ್ತೆ ಚಾಚುವುದು, ಇವೆಲ್ಲ ಆಗಬಹುದು. ಕಿವಿ ಚುಚ್ಚಿಸಿದ ಜಾಗದಲ್ಲಿ ಮಗುವಿಗಾಗಲಿ ಮನೆಯವರಿಗಾಗಲಿ ಗಂಟುಗಂಟಾಗಿ ಚರ್ಮ ಬೆಳೆದದ್ದುಂಟೇ? ಹೊಲಿಗೆಯ ಜಾಗದಲ್ಲೂ ಹಾಗಾಗಬಹುದು, ದಿನ ಗೊತ್ತುಮಾಡುವ ಮೊದಲೇ ವೈದ್ಯರಿಗೆ ತಿಳಿಸಿ.