ಕಡಿದು ಉಳಿಸುವ ವಿದ್ಯೆ

2003ನೆಯ ಆಗಸ್ಟ್ 14ರ ಅಪರಾಹ್ನ. ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಭಾರದಿಂದ ಕಾದು ಜೋತುಬಿದ್ದ ವಿದ್ಯುತ್ ತಂತಿಗಳು ಬೆಳೆದುನಿಂತ ಮರಗಳಿಗೆ ತಗುಲಿ, ಒಂದರ ಬಳಿಕ ಒಂದು ನಿಷ್ಕ್ರಿಯವಾದವು. ಅಪಾಯವನ್ನು ಸಾರಬೇಕಿದ್ದ ಗಣಕಯಂತ್ರದ ವ್ಯವಸ್ಥೆಯೂ ಕೆಟ್ಟು ಕುಳಿತಿತ್ತು. ಸಂಜೆಯಾಗುವಷ್ಟರಲ್ಲಿ ನ್ಯೂಯಾರ್ಕ್, ಡೆಟ್ರಾಯಿಟ್, ಕೆನಡದ ಟೊರಾಂಟೊ ಮೊದಲಾದ ನಗರಗಳಲ್ಲಿ ವಿದ್ಯುತ್ತಿಲ್ಲ. ಸುಮಾರು 5 ಕೋಟಿ ಜನರಿಗೆ ಕತ್ತಲು!

ಮದುವೆಮನೆಯಲ್ಲಿ ಬಡಿಸುವವನೊಬ್ಬ ಎದ್ದುಹೋದರೆ ಅವನ ಪಂಕ್ತಿಯೂ ಉಳಿದವರ ಪಾಲಿಗೆ ಬರುತ್ತದೆ. ಅವರೂ ದಣಿದು ಕುಳಿತರೆ ಊಟವೇ ನಿಂತೀತು. ತಂತಿಗಳ ಕಥೆಯೂ ಇದೇ. ಕಾರಣ ಹಿಡಿಯಷ್ಟು, ಪರಿಣಾಮ ಬೆಟ್ಟದಷ್ಟು. ಇಂಥ ವರ್ತನೆಯನ್ನು ವಿಜ್ಞಾನಿಗಳು ‘ಅರೇಖೀಯ’ವೆಂದು ಕರೆಯುತ್ತಾರೆ.

ಬ್ರೆಜಿಲಿನಿಂದ ಅಮೆರಿಕಕ್ಕೆ ಬಂದು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದ ಭೌತವಿಜ್ಞಾನಿ ಆಡಿಲ್ಸನ್ ಮಾಟರ್ ಈ ಸರಣಿಪತನವನ್ನು ಲೆಕ್ಕಕ್ಕೆ ತಂದವರಲ್ಲೊಬ್ಬರು. ಹೊರೆಯ ಹಂಚಿಕೆ ತೀರ ಅಸಮವಾಗಿರುವ ಜಾಲದಲ್ಲಿ, ಬಹುಭಾರ ಹೊತ್ತ ಒಂದೇ ಒಂದು ಗಂಟು ಕಳಚಿದರೂ ಇಡೀ ಜಾಲ ಕುಸಿಯಬಹುದೆಂದು 2002ರಲ್ಲಿ ಅವರೂ ಯಿಂಗ್-ಚೆಂಗ್ ಲಾಯ್ ಅವರೂ ತೋರಿಸಿದರು. 2004ರಲ್ಲಿ ಮಾಟರ್ ಮಂಡಿಸಿದ ಪರಿಹಾರ ಮಾತ್ರ ಕೇಳಿದವರನ್ನು ಬೆರಗುಗೊಳಿಸುವಂಥದು: ಮೊದಲ ಪೆಟ್ಟು ಬಿದ್ದೊಡನೆ, ತಾವು ಹೊರುವುದಕ್ಕಿಂತ ಹೆಚ್ಚು ಹೊರೆಯನ್ನು ಜಾಲಕ್ಕೆ ಹೊರಿಸುವ ಗಂಟುಗಳನ್ನು ನಾವೇ ಕಡಿದುಹಾಕಬೇಕು. ಗಣಕದ ಮಾದರಿಗಳಲ್ಲಿ ಹೀಗೆ ಮಾಡಿದಾಗ ನಾಶದ ವ್ಯಾಪ್ತಿ ಬಹುವಾಗಿ ತಗ್ಗಿತು. ಕಡಿಸಿಕೊಂಡ ಊರಿನವರಿಗೆ ಈ ಶಾಸ್ತ್ರ ರುಚಿಸುವುದು ಕಷ್ಟವೇ!

ಭಾರತಕ್ಕೂ ಇಂಥ ಅನುಭವ ಹೊಸದಲ್ಲ. 2012ರ ಜುಲೈ 30ರ ನಸುಕಿನಲ್ಲಿ ಉತ್ತರದ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಒಟ್ಟಿಗೆ ಉರುಳಿದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶವದು. ದಕ್ಷಿಣದ ಜಾಲ ಉರುಳಲಿಲ್ಲ. ಒಂದು ಜಾಲದ ವಿದ್ಯುಜ್ಜನಕಗಳೆಲ್ಲ ಸೆಕೆಂಡಿಗೆ 50 ಆವರ್ತನಗಳ ಒಂದೇ ತಾಳಕ್ಕೆ ನಡೆಯಬೇಕು. ಆಗ ದಕ್ಷಿಣದ ತಾಳವೇ ಬೇರೆಯಿತ್ತು. ಉತ್ತರದ ತಾಳವನ್ನು ಇತ್ತ ದಾಟಿಸದ ಡಿ.ಸಿ. ಕೊಂಡಿಗಳ ಮೂಲಕವಷ್ಟೇ ಎರಡಕ್ಕೂ ಸಂಬಂಧ.

ಆ ಪ್ರತ್ಯೇಕತೆ ಮುಗಿದದ್ದು ಕನ್ನಡನಾಡಿನ ಗಡಿಯಲ್ಲಿ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಣ 765 ಕಿಲೋವೋಲ್ಟ್ ಮಾರ್ಗ ಜೀವಗೊಂಡು, ದಕ್ಷಿಣವೂ ರಾಷ್ಟ್ರದ ತಾಳಕ್ಕೆ ಸೇರಿತು. ಈಗ ಪಂಜಾಬಿನಲ್ಲಿ ಆವರ್ತನ ಇಳಿದರೆ ರಾಯಚೂರಿನ ಯಂತ್ರಕ್ಕೂ ಅದು ತಿಳಿಯುತ್ತದೆ. ಇಳಿತ ಮಿತಿಮೀರಿದರೆ ಕೆಲವು ಪ್ರದೇಶಗಳ ಸರಬರಾಜನ್ನು ತಾವಾಗಿಯೇ ಕಡಿಯುವ ರಿಲೇಗಳು ದೇಶದ ನಾನಾ ಉಪಕೇಂದ್ರಗಳಲ್ಲಿ ಹಗಲಿರುಳೂ ಕಾವಲಿವೆ.