ಅರಮನೆಯ ಬರಿಯ ಧ್ವಜಸ್ತಂಭ

ಲೋಕಶೋಕವೂ ಸಂಪ್ರದಾಯವೂ ಎದುರುಬದುರಾದಾಗ ಅರಸೊತ್ತಿಗೆಯ ಗತಿಯೇನೆಂಬುದು ‘ದಿ ಕ್ವೀನ್’ (೨೦೦೬) ಚಲನಚಿತ್ರದ ವಸ್ತು. ಪೀಟರ್ ಮಾರ್ಗನ್ ರಚಿಸಿದ ಇದನ್ನು ನಿರ್ದೇಶಿಸಿದವರು ಸ್ಟೀಫನ್ ಫ್ರಿಯರ್ಸ್. ಎರಡನೆಯ ಎಲಿಜಬೆತ್ ರಾಣಿಯ ಪಾತ್ರಕ್ಕಾಗಿ ಹೆಲೆನ್ ಮಿರೆನ್ ಆಸ್ಕರ್ ಪ್ರಶಸ್ತಿಯನ್ನು ಪಡೆದರು.

೧೯೯೭ನೆಯ ಆಗಸ್ಟ್ ೩೧ರಂದು ಡಯಾನಾ ಅವರು ಪ್ಯಾರಿಸ್ ನಗರದಲ್ಲಿ ಕಾರು ಅಪಘಾತದಿಂದ ಮೃತರಾದರು. ಲಂಡನ್ನಿನ ಅರಮನೆಗಳ ಮುಂದೆ ಹೂವಿನ ರಾಶಿ ಬೆಳೆಯಿತು. ರಾಣಿಯವರಾದರೋ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ಮೊಮ್ಮಕ್ಕಳೊಡನೆ ಉಳಿದರು. ಬಕಿಂಗ್‌ಹ್ಯಾಮ್ ಅರಮನೆಯ ಧ್ವಜಸ್ತಂಭ ಬರಿದಾಗಿದ್ದಿತು. ಜನರು ಇದನ್ನು ಅನಾದರವೆಂದು ಬಗೆದರು. ವಸ್ತುತಃ ಆ ಕಾಲದಲ್ಲಿ ಅಲ್ಲಿ ಏರಿಸುತ್ತಿದ್ದುದು ಅರಸರ ಸನ್ನಿಧಿಯನ್ನು ಸಾರುವ ರಾಜಧ್ವಜವನ್ನು. ಅವರಿಲ್ಲದಾಗ ಅದು ಏರುವುದಿಲ್ಲ. ಸಿಂಹಾಸನವು ಎಂದಿಗೂ ಬರಿದಾಗದೆಂಬ ತತ್ತ್ವದಂತೆ, ಅರಸರೇ ಮಡಿದರೂ ಅರ್ಧಕ್ಕಿಳಿಯುವುದಿಲ್ಲ. ಹೀಗೆ ಬರಿಗಂಬವು ಅರಮನೆಗೆ ನಿಯಮವಾಗಿಯೂ ಪ್ರಜೆಗಳಿಗೆ ನಿಷ್ಠುರತೆಯಾಗಿಯೂ ತೋರಿತು.

ಈ ಎರಡು ಅರ್ಥಗಳಲ್ಲಿ ಯಾವುದನ್ನೂ ಹಗುರಮಾಡದಿರುವುದೇ ಚಿತ್ರದ ಹಿರಿಮೆ. ದುಃಖವನ್ನು ಒಳಗಿರಿಸಿಕೊಳ್ಳುವುದು ಘನತೆಯೆಂದು ನಂಬಿದ ತಲೆಮಾರಿನವಳು ಚಿತ್ರದ ರಾಣಿ. ಕಣ್ಣೀರನ್ನು ಕಣ್ಣಾರೆ ಕಾಣಬಯಸುವುದು ಹೊರಗಿನ ಲೋಕ. ಪ್ರಧಾನಿ ಟೋನಿ ಬ್ಲೇರ್ ಇವೆರಡರ ನಡುವಣ ಸಂಧಾನಕಾರ. ಅರಮನೆಯ ಒಳಮಾತುಗಳು ಕಲ್ಪಿತವಾದರೂ ಪರಿಣಾಮವು ಚರಿತ್ರೆಗೆ ಸೇರಿದುದು. ಸೆಪ್ಟೆಂಬರ್ ೫ರಂದು ರಾಣಿಯವರು ಲಂಡನ್ನಿಗೆ ಮರಳಿ ದೂರದರ್ಶನದಲ್ಲಿ ಮಾತನಾಡಿದರು. ಮರುದಿನ ಅವರು ಅಂತ್ಯಕ್ರಿಯೆಗೆ ಹೊರಟಾಗ ಅರಮನೆಯ ಮೇಲೆ ರಾಷ್ಟ್ರಧ್ವಜವು ಅರ್ಧಕ್ಕಿಳಿದು ಹಾರಿತು. ಅಂದಿನಿಂದ ಅರಸರಿಲ್ಲದ ದಿನಗಳಲ್ಲಿ ಅಲ್ಲಿ ರಾಷ್ಟ್ರಧ್ವಜವನ್ನು ಏರಿಸುವುದು ರೂಢಿಯಾಗಿದೆ. ರಾಜಧ್ವಜದ ನಿಯಮವು ಹಾಗೆಯೇ ಉಳಿಯಿತು. ಬರಿದಾಗಿದ್ದ ಎಡೆಯಲ್ಲಿ ಪ್ರಜೆಗಳ ಶೋಕಕ್ಕೂ ಸ್ಥಾನ ದೊರೆಯಿತು.