ಪಕ್ಷೇತರನ ಬೆನ್ನಿಗೆ ನಿಂತವರು

1967ರ ಲೋಕಸಭಾ ಚುನಾವಣೆಯಲ್ಲಿ, ಚುಟುಕುಗಳ ಕವಿಯೆಂದು ನಾಡೆಲ್ಲ ಬಲ್ಲ ದಿನಕರ ದೇಸಾಯಿಯವರು ಯಾವ ಪಕ್ಷದ ಆಶ್ರಯವೂ ಇಲ್ಲದೆ ಕೆನರಾ ಕ್ಷೇತ್ರದಿಂದ ಆರಿಸಿಬಂದರು. 1989ರಲ್ಲಿ ಅದೇ ಕ್ಷೇತ್ರದಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಕಣಕ್ಕಿಳಿದ ಶಿವರಾಮ ಕಾರಂತರು ಪರಾಭವ ಹೊಂದಿದರು. ಕಾಲ ಬೇರೆ, ಪ್ರಶ್ನೆಗಳು ಬೇರೆ; ಈ ಎರಡು ಫಲಿತಾಂಶಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಉಚಿತವಲ್ಲ. ಆದರೂ ದೇಸಾಯಿಯವರ ಬೆನ್ನಿಗೆ ರೈತ ಹೋರಾಟದ ದಿನಗಳ ಒಡನಾಡಿಗಳೂ, 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳ ಮೂಲಕ ಬೆಳೆದ ಬಾಂಧವ್ಯವೂ ಇದ್ದುವೆಂಬುದನ್ನು ನೆನೆದಾಗ, ಪಕ್ಷೇತರನ ನಿಜವಾದ ಬಲವು ಹೆಸರನ್ನು ಬಯಸದೆ ಅವನಿಗಾಗಿ ದುಡಿಯುವವರಲ್ಲಿದೆಯೆಂದು ನನಗೆ ದೃಢವಾಗಿ ತೋರುತ್ತದೆ.

ಅಂಥವರ ಕೆಲಸ ನಾಮಪತ್ರದಿಂದಲೇ ಮೊದಲಾಗುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬನೇ ಸೂಚಕನು ಸಾಕು. ಪಕ್ಷೇತರನಿಗಾದರೋ ಆ ಕ್ಷೇತ್ರದ ಹತ್ತು ಮಂದಿ ಮತದಾರರು ಸೂಚಕರಾಗಬೇಕು, ಒಬ್ಬೊಬ್ಬರ ಹೆಸರಿನೊಡನೆಯೂ ಮತದಾರರ ಪಟ್ಟಿಯ ಭಾಗಸಂಖ್ಯೆ, ಕ್ರಮಸಂಖ್ಯೆಗಳನ್ನು ತಪ್ಪಿಲ್ಲದೆ ನಮೂದಿಸಬೇಕು, ಹೆಬ್ಬೆಟ್ಟಿನವರಿದ್ದರೆ ಅದನ್ನು ಅಧಿಕಾರಿಯ ಸಮಕ್ಷಮದಲ್ಲಿಯೇ ಒತ್ತಿಸಬೇಕು. ಮುಂದೆ ಲೆಕ್ಕಪತ್ರದ ಹೊಣೆ: ಚುನಾವಣೆಗೆಂದೇ ತೆರೆದ ಬ್ಯಾಂಕ್ ಖಾತೆ, ಬಾಡಿಗೆ ಕುರ್ಚಿಯಿಂದ ಚಹಾದವರೆಗೆ ದಿನದಿನದ ವೆಚ್ಚ ಬರೆದಿಟ್ಟ ವಹಿ, ಫಲಿತಾಂಶ ಹೊರಬಿದ್ದ 30 ದಿನಗಳೊಳಗೆ ಸಲ್ಲಿಸಬೇಕಾದ ಒಟ್ಟು ಲೆಕ್ಕ.

ಚಿಹ್ನೆಯ ಸಂಗತಿ ಇನ್ನೂ ಕಠಿಣವಾದುದು. ಪಕ್ಷದ ಚಿಹ್ನೆ ಜನರಿಗೆ ದಶಕಗಳಿಂದ ಪರಿಚಿತವಾಗಿದ್ದರೆ, ಪಕ್ಷೇತರನ ಚಿಹ್ನೆ ನಿಶ್ಚಿತವಾಗುವುದು ನಾಮಪತ್ರ ಹಿಂತೆಗೆದುಕೊಳ್ಳುವ ಅವಧಿ ಮುಗಿದ ಮೇಲೆ. ಉಳಿಯುವುದು ಸುಮಾರು ಎರಡು ವಾರ. ಮಂಡ್ಯದಲ್ಲಿ 2019ರಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರೊಡನೆ ಸುಮಲತಾ ಎಂಬ ಹೆಸರಿನವರೇ ಇನ್ನೂ ಮೂವರು ಕಣದಲ್ಲಿದ್ದರು. ಭಾರತೀಯ ಜನತಾ ಪಕ್ಷದ ಬೆಂಬಲ ಅವರಿಗಿದ್ದುದು ನಿಜವಾದರೂ, ಮತದಾರನು ಹೆಸರನ್ನೇ ನಂಬಿ ಗುಂಡಿ ಒತ್ತುವಂತಿರಲಿಲ್ಲವಾದ್ದರಿಂದ, ಕಹಳೆಯೂದುವ ರೈತನ ಚಿತ್ರವನ್ನು ಅವನ ಕಣ್ಣಿನಲ್ಲಿ ನಿಲ್ಲಿಸಲೇಬೇಕಾಗಿತ್ತು. ಕರಪತ್ರ ಹಿಡಿದು ಮನೆಮನೆಯ ಮೆಟ್ಟಿಲು ಹತ್ತುವವರಿಲ್ಲದೆ ಈ ಕಾರ್ಯ ಕೈಗೂಡುವುದಿಲ್ಲ.

ಇಷ್ಟಾದರೂ, ಸಕಲ ಸೇವೆಗಳಿಗೂ ಮಿಗಿಲಾದುದು ಮತಗಟ್ಟೆಯ ಏಜೆಂಟನದೆಂದೇ ನನ್ನ ಅಭಿಮತ. ಮತದಾನ ಆರಂಭವಾಗುವುದಕ್ಕೆ ಒಂದೂವರೆ ಗಂಟೆ ಮುಂಚೆ, ಊರಿನ್ನೂ ಎಚ್ಚೆತ್ತುಕೊಳ್ಳುತ್ತಿರುವಾಗಲೇ ಆತನು ಅಲ್ಲಿರಬೇಕು. ಅಣಕು ಮತದಾನದಲ್ಲಿ ಕನಿಷ್ಠ 50 ಮತಗಳನ್ನು ಒತ್ತಿ, ಎಣಿಸಿ ನೋಡಿ, ಎಲ್ಲವನ್ನೂ ಅಳಿಸಿ ಯಂತ್ರಕ್ಕೆ ಮುದ್ರೆ ಹಾಕುವಾಗ, ಆ ಮುದ್ರೆಯ ಕಾಗದದ ಮೇಲೆ ಸಹಿ ಮಾಡುವ ಅಧಿಕಾರ ಅವನಿಗುಂಟು. ಸಂಜೆ ಮತಗಟ್ಟೆ ಮುಚ್ಚಿದ ಮೇಲೆ, ಒಟ್ಟು ಎಷ್ಟು ಮತ ಬಿದ್ದವೆಂಬುದನ್ನು ಬರೆದ 17ಸಿ ನಮೂನೆಯ ಪ್ರತಿ ಅವನ ಕೈಸೇರುತ್ತದೆ. ಎಣಿಕೆಯ ದಿನ ಯಂತ್ರ ತೋರುವ ಸಂಖ್ಯೆಯನ್ನು ಆ ಹಾಳೆಯೊಡನೆ ತಾಳೆ ನೋಡಬಹುದು. ದಿನವಿಡೀ ಬೆಂಚಿನ ಮೇಲೆ ಕುಳಿತು, ಬಂದವರ ಹೆಸರಿಗೆ ಪಟ್ಟಿಯಲ್ಲಿ ಗೆರೆಯೆಳೆಯುವ ಈ ಕೆಲಸಕ್ಕೆ ಹಾರತುರಾಯಿಗಳಿಲ್ಲ. ದೊಡ್ಡ ಪಕ್ಷಗಳು ಇದಕ್ಕೆ ಜನರನ್ನು ಸುಲಭವಾಗಿ ಹೊಂದಿಸುತ್ತವೆ. ಪಕ್ಷೇತರನ ಪಾಲಿಗೆ ಒಂದೊಂದು ಮತಗಟ್ಟೆಗೂ ಒಬ್ಬೊಬ್ಬ ವಿಶ್ವಾಸಿಯನ್ನು ಹುಡುಕುವುದೇ ದೊಡ್ಡ ಸಾಹಸ. ಚಲಾಯಿತ ಮತಗಳ ಆರನೆಯ ಒಂದು ಭಾಗವೂ ದೊರೆಯದಿದ್ದಲ್ಲಿ ಅವನ ಠೇವಣಿ ಮುಟ್ಟುಗೋಲಾಗುತ್ತದೆ, ನಿಜ. ಆದರೆ ಅವನಿಗೆ ಬಿದ್ದ ಪ್ರತಿಯೊಂದು ಮತಕ್ಕೂ ಒಬ್ಬ ಸಾಕ್ಷಿಯಿರುವುದು ಆ ಮತವಿತ್ತವರಿಗೆ ಸಲ್ಲಬೇಕಾದ ಗೌರವ.

ಮುಂದಿನ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ ಯಾರಾದರೂ ಯೋಗ್ಯನು ಪಕ್ಷದ ಹಂಗಿಲ್ಲದೆ ನಿಂತು, ಅವನ ಮಾತು ನಿಮಗೆ ಒಪ್ಪಿಗೆಯಾದರೆ, ಅವನಲ್ಲಿಗೆ ಹೋಗಿ ನಿಮ್ಮ ಊರಿನ ಮತಗಟ್ಟೆಯಲ್ಲಿ ಒಂದು ದಿನ ಕೂರುವೆನೆಂದು ಹೇಳಿರಿ.